ನಿರೀಕ್ಷಿತ ಪಾದಚಾರಿಗಳು: ನಗಣ್ಯ

ಟೆಕ್ಸಸ್ಸಿನಲ್ಲಿ ಹೊಸ ಬೀದಿ ಎಷ್ಟು ಅಗಲ ಇರಬೇಕು ಎಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿ, ಹೇಳುತ್ತೇನೆ. ಸೈಟಿನ ಮುಂಭಾಗ ಎಷ್ಟು ಅಡಿ, ಬೀದಿದೀಪಕ್ಕೂ ಮರಕ್ಕೂ ಎಷ್ಟು ಅಂತರ, ಅಂಚೆ ಡಬ್ಬಿ ಎಷ್ಟು ಎತ್ತರ, ಬೆಂಕಿ ಎಂಜಿನ್ನು ತಿರುಗಿಕೊಳ್ಳಲು ಬೀದಿಯ ತುದಿ ಎಷ್ಟು ದೊಡ್ಡ ಗುಂಡಾಗಿರಬೇಕು, ಎಲ್ಲವೂ ಬಾಯಿಪಾಠ. ಚಿಕ್ಕವಳಿದ್ದಾಗ ಹದಿನಾರರ ಮಗ್ಗಿ ಕಲಿಸಲು ನಮ್ಮಮ್ಮ ಪಟ್ಟ ಪಾಡು ದೇವರಿಗೇ ಗೊತ್ತು. ಊರಿಂದೂರಿಗೆ ಬದಲಾಗುವ ಈ ಮಗ್ಗಿಯನ್ನು ಮಾತ್ರ ಸಂಬಳ ಕೊಡುತ್ತಾರೆಂದು ತುಟಿ ಪಿಟಕ್ಕೆನ್ನದೆ ಕಲಿತೆ.

ನನ್ನದು ಬಡಾವಣೆಗಳ ನಕ್ಷೆ ಬರೆಯುವ ಕೆಲಸ. ಡ್ಯಾಲಸ್ಸಿನ ಉತ್ತರಕ್ಕೆ, ಲಿಟಲ್ ಎಲ್ಮ್ ಕಡೆಗೆ, ಹಸು ಮೇಯುತ್ತಿದ್ದ ಹೊಲಗಳೆಲ್ಲ ಆಗ ಒಂದೊಂದಾಗಿ ಸೈಟುಗಳಾಗುತ್ತಿದ್ದವು. ಹೊಲ ಕೊಂಡ ಡೆವಲಪರ್ ನಮ್ಮ ಆಫೀಸಿಗೆ ಬರುತ್ತಿದ್ದ. ನಾವು ಆ ಊರಿನ ನಗರಸಭೆಯ ನಿಯಮಪುಸ್ತಕ ಬಿಚ್ಚಿಟ್ಟುಕೊಂಡು ಗೆರೆ ಎಳೆಯುತ್ತಿದ್ದೆವು. ಊರಿನ ಹೆಸರು ಬೇಡ. ಆ ಪುಸ್ತಕದಲ್ಲಿ ಬೆಂಕಿ ಎಂಜಿನ್ನಿಗೆ ಒಂದು ಅಧ್ಯಾಯ, ಕಸದ ಲಾರಿಗೆ ಒಂದು ಅಧ್ಯಾಯ, ಮಳೆನೀರಿಗೆ ಎರಡು ಅಧ್ಯಾಯ ಇದ್ದವು. ಕಾಲಲ್ಲಿ ನಡೆಯುವ ಮನುಷ್ಯನಿಗೆ ಒಂದೂವರೆ ಪುಟ. ಆ ಒಂದೂವರೆ ಪುಟವೂ ತೊಂದರೆ ಅನ್ನಿಸಿದರೆ ವಿನಾಯಿತಿ ಕೇಳಬಹುದಿತ್ತು. ವಿನಾಯಿತಿ ಕೇಳುವ ಕಾಗದ ಬರೆಯುವುದರಲ್ಲಿ ನಾನು ಎತ್ತಿದ ಕೈ.

ಹಾಗೆ ಬರೆದ ಒಂದು ಕಾಗದದ ವಿಷಯ ಇದು. ಒಂದು ಬಡಾವಣೆಯಲ್ಲಿ ಮುಂದೆ ದಾರಿಯಿಲ್ಲದ ಗುಂಡು ತುದಿಯ ಬೀದಿಯೊಂದಿತ್ತು. ಅದರ ಕೊನೆಯ ಎರಡು ಸೈಟುಗಳ ನಡುವೆ ಹದಿನೈದಡಿ ಜಾಗ ಬಿಟ್ಟು, ಹಿಂದಿನ ಬಡಾವಣೆಗೆ ನಡೆದುಹೋಗಲು ಕಾಲುದಾರಿ ಮಾಡಬೇಕು ಎನ್ನುವುದು ನಿಯಮ. ಡೆವಲಪರಿಗೆ ಆ ದಾರಿ ಬೇಡವಾಗಿತ್ತು. ಕಾಲುದಾರಿಯ ಪಕ್ಕದ ಮನೆಗಳನ್ನು ಯಾರೂ ಇಷ್ಟಪಡುವುದಿಲ್ಲವಂತೆ. ಆ ಹದಿನೈದಡಿಯನ್ನು ಪಕ್ಕದ ಸೈಟಿಗೆ ಸೇರಿಸಿದರೆ ಅದು ದೊಡ್ಡ ಸೈಟಾಗುತ್ತದಂತೆ. ನಾನು ಕಾಗದ ಬರೆದೆ. ಅದರಲ್ಲಿ ಒಂದು ಸಾಲು ನನಗೇ ಬಹಳ ಮೆಚ್ಚುಗೆಯಾಗಿತ್ತು. ಕನ್ನಡದಲ್ಲಿ ಹೇಳುವುದಾದರೆ: 'ಈ ಸ್ಥಳದಲ್ಲಿ ನಿರೀಕ್ಷಿತ ಪಾದಚಾರಿಗಳ ಸಂಖ್ಯೆ ನಗಣ್ಯ.'

ನಗಣ್ಯ ಎಂದು ನನಗೆ ಹೇಗೆ ಗೊತ್ತಾಯಿತು? ಒಂದು ಮಧ್ಯಾಹ್ನ ಎಸಿ ಹಾಕಿಕೊಂಡು ಕಾರಲ್ಲೇ ಕೂತು ಆ ಹೊಲ ನೋಡಿ ಬಂದಿದ್ದೆ. ಒಬ್ಬರೂ ನಡೆಯುತ್ತಿರಲಿಲ್ಲ. ಅಲ್ಲಿ ಮನೆಯೂ ಇರಲಿಲ್ಲ, ಬೀದಿಯೂ ಇರಲಿಲ್ಲ, ಬೇಲಿಯ ಹತ್ತಿರ ಒಂದು ಹಸು ನಿಂತಿತ್ತು. ಹಸುವನ್ನು ಪಾದಚಾರಿಗಳ ಲೆಕ್ಕಕ್ಕೆ ಸೇರಿಸುವ ಪದ್ಧತಿಯಿಲ್ಲ. ಕಾಗದಕ್ಕೆ ಸಹಿ ಹಾಕಿ, ಸೀಲು ಒತ್ತಿ ಕಳಿಸಿದೆ. ನಗರಸಭೆಯವರು ಒಪ್ಪಿದರು. ದಾರಿಯ ಬದಲು ಆರಡಿ ಎತ್ತರದ ಇಟ್ಟಿಗೆ ಗೋಡೆ ಬಂತು. ನಕ್ಷೆಯ ಮೂಲೆಯಲ್ಲಿ 'ಈ ಗೋಡೆಯಲ್ಲಿ ಯಾವುದೇ ಬಾಗಿಲು ಕೂಡದು' ಎಂಬ ಟಿಪ್ಪಣಿಯನ್ನೂ ನಾನೇ ಟೈಪ್ ಮಾಡಿದೆ.

ತಮಾಷೆ ಏನೆಂದರೆ, ಆಚೆ ಕಡೆಯ ಬಡಾವಣೆಯವರು ನಮಗಿಂತ ಮೊದಲೇ ನಿಯಮ ಪಾಲಿಸಿ ಕೂತಿದ್ದರು. ಐದಡಿ ಅಗಲದ ಕಾಂಕ್ರೀಟ್ ದಾರಿ, ಅಂಚಿಗೆ ಗಿಡ, ಕೂರಲು ಒಂದು ಬೆಂಚು. ಆ ದಾರಿ ಎರಡು ಮನೆಗಳ ನಡುವೆ ಠೀವಿಯಿಂದ ಬಂದು ನನ್ನ ಗೋಡೆಗೆ ಹಣೆ ಚಚ್ಚಿಕೊಂಡು ನಿಂತಿತು.

ಎರಡು ವರ್ಷ ಆದಮೇಲೆ ನಾವು ಮನೆ ಕೊಳ್ಳಲು ಹೊರಟೆವು. ಉಳಿದವರು ಬಣ್ಣದ ಕೈಪಿಡಿ ನೋಡಿ ಮನೆ ಆರಿಸುತ್ತಾರೆ. ನಾನು ನನ್ನದೇ ನಕ್ಷೆ ನೋಡಿ ಆರಿಸಿದೆ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಟ್ರಾನ್ಸ್‌ಫಾರ್ಮರ್ ಬರುತ್ತದೆ ಎಲ್ಲ ಗೊತ್ತಲ್ಲ! ಗುಂಡು ತುದಿಯ ಕೊನೆಯ ಸೈಟು, ಪಕ್ಕದಲ್ಲಿ ಯಾರಿಗೂ ಇಲ್ಲದ ಹದಿನೈದಡಿ ಹೆಚ್ಚುವರಿ ಜಾಗ. ನನ್ನ ಗಂಡ ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮನೆಯೋಳು ಇಂಜಿನಿಯರ್ ಅಲ್ವಾ, ಹುಡುಕಿ ಹಿಡಿದಳು" ಎನ್ನುತ್ತಿದ್ದರು. ಅಲ್ಲಿ ಬಸಳೆ ಹಬ್ಬಿಸಿದೆ, ಕರಿಬೇವು ನೆಟ್ಟೆ. ಅದು ಕಾಲುದಾರಿಯ ಸಮಾಧಿ ಎಂದು ನನಗೊಬ್ಬಳಿಗೇ ಗೊತ್ತಿತ್ತು. ನನಗೇನೂ ಬೇಜಾರಿರಲಿಲ್ಲ, ಬಸಳೆ ಚೆನ್ನಾಗಿ ಬರುತ್ತಿತ್ತು.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ಬೆಳಿಗ್ಗೆ ಅಲ್ಲಿ ನಿಂತು ಮೈಸೂರಿನ ಅಮ್ಮನ ಜೊತೆ ಫೋನಲ್ಲಿ ಕಿರುಚುತ್ತಿದ್ದೆ. ಬಾಣಂತನಕ್ಕೆ ಬರಬೇಕಾದ ಅಮ್ಮ ಬಾತ್‌ರೂಮಲ್ಲಿ ಜಾರಿ ಪಾದದ ಮೂಳೆ ಮುರಿದುಕೊಂಡಿದ್ದರು. ಟಿಕೆಟ್ಟು ಕ್ಯಾನ್ಸಲ್. "ಒಂದು ಹುಷಾರಾಗಿ ನಡೆಯೋಕೆ ಬರಲ್ವಾ ನಿಂಗೆ" ಎಂದು ಬೈದು, ಫೋನಿಟ್ಟು, ಗೊಳೋ ಎಂದು ಅತ್ತೆ. ಆಗ ಗೋಡೆಯ ಮೇಲೆ ಒಂದು ಹಣೆ, ಎರಡು ಕಣ್ಣು ಎದ್ದು ಬಂದವು.

"ಎಷ್ಟನೇ ತಿಂಗಳವಾ?"

ಗೋಡೆಯ ಆಚೆ ಪ್ಲಾಸ್ಟಿಕ್ ಸ್ಟೂಲ್ ಹತ್ತಿ ನಿಂತಿದ್ದವರು ಧಾರವಾಡದ ಒಬ್ಬರು ಆಂಟಿ. ಮಗಳು ಅಳಿಯನ ಜೊತೆ ಇರಲು ಬಂದವರು. ಬೆಳಿಗ್ಗೆ ಏಳಕ್ಕೆ ಮಗಳು ಅಳಿಯ ಇಬ್ಬರೂ ಕಾರು ಹತ್ತಿ ಆಫೀಸಿಗೆ ಹೋದರೆ ಸಂಜೆ ಆರರವರೆಗೆ ಆಂಟಿಗೆ ಮನೆ, ಟಿವಿ, ಮತ್ತು ಆ ದಾರಿ. ದಿನಕ್ಕೆ ಇಪ್ಪತ್ತು ಸಲ ಆ ದಾರಿಯಲ್ಲಿ ಬಂದು ಗೋಡೆ ಮುಟ್ಟಿ ವಾಪಸ್ ಹೋಗುತ್ತಿದ್ದರಂತೆ.

"ಕನ್ನಡಾ ಕೇಳಿಸ್ತು, ಸ್ಟೂಲ್ ತಂದೆ," ಎಂದರು. "ಅಳಬ್ಯಾಡ. ಆರು ಮೊಮ್ಮಕ್ಕಳಿಗೆ ಎರದೀನಿ ನಾನು. ನಿನ್ನ ಕೂಸಿಗೂ ನಾನ ಎರೀತೀನಿ. ಇಲ್ಲೇ ಇದ್ದೀನಲ್ಲ, ಹತ್ತು ಹೆಜ್ಜಿ ಸೈತ ಇಲ್ಲ."

ಅವರ ಕಡೆ ಕೂಸಿಗೆ ಎರೆಯುವುದೆಂದರೆ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಬಿಸಿನೀರು ಹಾಕಿ, ಕೈಕಾಲು ನೀವಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸುವವರೆಗಿನ ಇಡೀ ವಿದ್ಯೆ. ನನ್ನ ಪಾಲಿಗೆ ದೇವರೇ ಸ್ಟೂಲ್ ಹತ್ತಿ ಬಂದ ಹಾಗಾಯಿತು. ಆದರೆ ದೇವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಹತ್ತು ಹೆಜ್ಜೆಯೂ ಇಲ್ಲದ ಆ ದೂರ ರಸ್ತೆಯ ಮೇಲೆ ಎರಡೂವರೆ ಮೈಲಿ. ನಮ್ಮ ಬಡಾವಣೆಗೆ ಒಂದೇ ಬಾಯಿ, ಅವರದಕ್ಕೂ ಒಂದೇ ಬಾಯಿ, ಎರಡೂ ಬೇರೆಬೇರೆ ಹೆದ್ದಾರಿಯ ಕಡೆ ಮುಖ ಮಾಡಿಕೊಂಡಿದ್ದವು, ಜಗಳವಾಡಿದ ಓರಗಿತ್ತಿಯರ ಹಾಗೆ. ಮಗಳು ಹುಟ್ಟಿದಳು. ಸಿಸೇರಿಯನ್. ಹೊಲಿಗೆ ಮಾಯುವುದು ತಡವಾಗಿ, ಮೂರು ತಿಂಗಳು ನಾನು ಡ್ರೈವ್ ಮಾಡುವ ಹಾಗಿಲ್ಲ. ಗಂಡನಿಗೆ ಎರಡು ವಾರ ರಜೆ. ಆ ಎರಡು ವಾರ ದಿನಾ ಹೋಗಿ ಆಂಟಿಯನ್ನು ಕರೆತಂದು ಬಿಟ್ಟುಬಂದರು. ಆಮೇಲೆ ಅವರಿಗೆ ಆಸ್ಟಿನ್ ಆಫೀಸು, ಸೋಮವಾರ ಹೋದರೆ ಗುರುವಾರ ಬರುವುದು. ಟ್ಯಾಕ್ಸಿ ಆ್ಯಪ್ ತೋರಿಸಿದರೆ ಆಂಟಿ, "ಗುರುತಿಲ್ಲದ ಗಂಡಸಿನ ಕಾರಿನ್ಯಾಗ ನಾ ಒಲ್ಲೆ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಆಂಟಿಯ ಮಗಳು ಆಫೀಸಿಗೆ ಹೋಗುವಾಗ ಅವರನ್ನು ಏಳಕ್ಕೆ ಇಳಿಸಿ, ಬರುವಾಗ ಆರಕ್ಕೆ ಕರೆದುಕೊಂಡು ಹೋಗುವುದನ್ನೂ ಮೂರು ದಿನ ಮಾಡಿದೆವು. ಬೇರೆಯವರ ಮನೆಯ ಸೋಫಾ ಮೇಲೆ ಹನ್ನೊಂದು ತಾಸು ಕೂತು ಅವರ ಸೊಂಟ ಹಿಡಿಯಿತು.

ಕೊನೆಗೆ ಆಂಟಿಯೇ ಉಪಾಯ ಮಾಡಿದರು. ಅಕ್ಟೋಬರಿನ ಬಿಸಿಲು ಹಿತವಾಗಿತ್ತು. ಹತ್ತು ಗಂಟೆಗೆ ನಾನು ಬಸಳೆ ಚಪ್ಪರದ ಪಕ್ಕ ಗೋಡೆಯ ಬುಡದಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ, ಮಗುವನ್ನು ಮಲಗಿಸಿಕೊಳ್ಳಬೇಕು. ಆಚೆಯಿಂದ ಆಂಟಿ ಸ್ಟೂಲ್ ಹತ್ತಿ ಹೇಳಿಕೊಡಬೇಕು. ನನಗೆ ಕಾಣುವುದು ಹಣೆ ಮತ್ತು ಕಣ್ಣು ಮಾತ್ರ. ಬಾಯಿ ಗೋಡೆಯ ಆಚೆ.

"ನೆತ್ತಿಗೆ ಎಣ್ಣಿ ಬಡಿ. ಅಂಜಬ್ಯಾಡ, ಒಡ್ಯೂದಿಲ್ಲ. ನೀರು ಹೆಚ್ಚು ಕಾಯ್ದಾವೇನು? ಮೊಣಕೈ ಅದ್ದಿ ನೋಡು. ಅಯ್ಯ, ಮೊಣಕೈ ಅಂದ್ರ ಬೆರಳಲ್ಲವಾ, ಇಂಜಿನಿಯರ್ ಇದ್ದೀ ಅಂತೀ!"

ಮಗಳು ಸೂರು ಹಾರಿಹೋಗುವ ಹಾಗೆ ಅಳುತ್ತಿದ್ದಳು. ಆಂಟಿಯ ಕೈ ಗೋಡೆಯ ಮೇಲಿಂದ ಇಳಿದು ಗಾಳಿಯಲ್ಲಿ ನೀವುತ್ತಿತ್ತು. ಆ ಕೈಗೂ ಮಗುವಿಗೂ ಮೂರಡಿ ಅಂತರ. ಅಮ್ಮ ಇಲ್ಲದ ಊರಲ್ಲಿ ಆ ಹತ್ತು ಗಂಟೆಯ ದನಿಯೊಂದೇ ನನ್ನನ್ನು ಹಿಡಿದು ನಿಲ್ಲಿಸಿತ್ತು, ಸುಳ್ಳು ಯಾಕೆ ಹೇಳಲಿ.

ದಿನಾ ಎರೆಯುವ ಮೊದಲು ಆಂಟಿಯದು ಒಂದು ಮಂಗಳಾರತಿ ಇರುತ್ತಿತ್ತು, ಗೋಡೆ ಕಟ್ಟಿದವನಿಗೆ.

"ಯಾವ ಹುಚ್ಚಪ್ಯಾಲಿ ಕಟ್ಯಾನೋ ಇದನ್ನ! ಇಷ್ಟ ಚಂದ ದಾರಿ ಮಾಡಿ ತುದೀಗೆ ಗ್ವಾಡಿ ಎಬ್ಬಸ್ಯಾನಲ್ಲ, ಅವನ ಹೆಣಾ ಎತ್ಲಿ! ಅವನ ಮನ್ಯಾಗಿನ ಬಾಣಂತಿಗೂ ಹಿಂಗ ಗ್ವಾಡಿ ಅಡ್ಡ ಬರ್ಲಿ!"

ಬಂದಿದೆ ಆಂಟಿ, ಆಗಲೇ ಬಂದಿದೆ ಎಂದು ಹೇಳಬೇಕಿತ್ತು. ನಾನು ಮಗುವಿನ ಬೆನ್ನಿಗೆ ನೀರು ಹಾಕುತ್ತಾ, "ಹೂಂ ಆಂಟಿ, ತಲೆ ಕೆಟ್ಟವನಿರಬೇಕು" ಎಂದೆ. ಮರುದಿನವೂ ಹೂಂ ಎಂದೆ. ಒಂದು ದಿನವಂತೂ ಅವರಿಗಿಂತ ಜೋರಾಗಿ ನಾನೇ ಬೈದೆ, "ಇಂಥವರಿಗೆಲ್ಲ ಯಾರು ಡಿಗ್ರಿ ಕೊಡ್ತಾರೋ" ಎಂದು. ನಿಜ ಹೇಳಿದರೆ ಆಂಟಿ ಸ್ಟೂಲಿನಿಂದ ಇಳಿದುಬಿಟ್ಟಾರು, ಮತ್ತೆ ಹತ್ತಲಿಕ್ಕಿಲ್ಲ ಎಂಬ ಭಯ. ಗಂಡನಿಗೂ ತಾಕೀತು ಮಾಡಿದ್ದೆ: ಆಂಟಿ ಮುಂದೆ ನನ್ನ ಕೆಲಸದ ವಿಷಯ ಎತ್ತಬೇಡಿ, ಸೇತುವೆ ಕಟ್ಟುತ್ತಾಳೆ ಅನ್ನಿ.

ನವೆಂಬರಿನಲ್ಲಿ ಎರಡು ಕಾಗದ ಬಂದವು. ಈ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘ ಎಂದೊಂದು ಇರುತ್ತದೆ. ಹುಲ್ಲು ಒಂದಂಗುಲ ಎತ್ತರ ಬೆಳೆದರೆ ಅದಕ್ಕೆ ನಿದ್ದೆ ಬರುವುದಿಲ್ಲ. ಆಂಟಿಯ ಕಡೆಯ ಸಂಘ 'ಸಾರ್ವಜನಿಕ ದಾರಿಯಲ್ಲಿ ಪೀಠೋಪಕರಣ ಇಡಲಾಗಿದೆ' ಎಂದು ಸ್ಟೂಲಿನ ಫೋಟೊ ಸಮೇತ ಬರೆದಿತ್ತು. ನಮ್ಮ ಸಂಘ 'ಮನೆಯ ಹೊರಗೆ ಸ್ನಾನದ ಚಟುವಟಿಕೆ' ಎಂದು ಬರೆದಿತ್ತು. ಆಂಟಿ ತಮ್ಮ ಕಾಗದವನ್ನು ಮಗಳ ಹತ್ತಿರ ಕನ್ನಡದಲ್ಲಿ ಹೇಳಿಸಿ, "ಪೀಠ ಅಂತ! ನಾ ಏನ ಸ್ವಾಮಿಗೋಳೇನ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಚಳಿಯೂ ಶುರುವಾಗುತ್ತಿತ್ತು. ಗೋಡೆಯಲ್ಲಿ ಒಂದು ಗೇಟು ಆಗಲೇಬೇಕು ಎಂದು ಹಠ ಹಿಡಿದೆ.

ಟ್ಯಾಕ್ಸಿ ಮಾಡಿಕೊಂಡು ನಗರಸಭೆಗೆ ಹೋದೆ. ಅಲ್ಲಿನ ಪ್ಲಾನಿಂಗ್ ಕೌಂಟರಿನಲ್ಲಿದ್ದ ಹುಡುಗಿ ಬಹಳ ಒಳ್ಳೆಯವಳು. ನಕ್ಷೆ ತೆಗೆದು ನೋಡಿ ಹೇಳಿದಳು: "ಖಾಸಗಿ ಗೇಟು ಇಡುವ ಹಾಗಿಲ್ಲ ಮೇಡಂ, ಇಲ್ಲಿ ಟಿಪ್ಪಣಿ ಇದೆ. ಬಹಳ ಸ್ಪಷ್ಟವಾಗಿ ಬರೆದಿದ್ದಾರೆ." ಹೌದಮ್ಮ, ಸ್ಪಷ್ಟವಾಗಿ ಬರೆಯುವವಳು ಅಂತಲೇ ನನಗೆ ಬಡ್ತಿ ಕೊಟ್ಟಿದ್ದರು. ಗೇಟು ಬೇಕೆಂದರೆ ಅದು ಎಲ್ಲರಿಗೂ ತೆರೆದ ಕಾಲುದಾರಿಯಾಗಬೇಕು, ನಿಯಮದ ಪ್ರಕಾರ ಐದಡಿ ಕಾಂಕ್ರೀಟು, ಗಾಲಿಕುರ್ಚಿ ಹೋಗುವಷ್ಟು ಇಳಿಜಾರು. ಮತ್ತು ಆ ಜಾಗವನ್ನು ಅದರ ಮಾಲೀಕರು ಬಿಟ್ಟುಕೊಡಬೇಕು. "ಮಾಲೀಕರು ಒಪ್ಪುತ್ತಾರಾ?" ಎಂದು ಕೇಳಿದಳು. ಮಾಲೀಕಳು ಅವಳೆದುರೇ ಮಗು ಎತ್ತಿಕೊಂಡು ನಿಂತಿದ್ದಳು.

ಗುರುವಾರ ಗಂಡ ಬಂದಾಗ ಹೇಳಿದೆ. "ಏನೇ ಇದು, ಆ ಜಾಗಕ್ಕೋಸ್ಕರ ತಾನೆ ಈ ಮನೆ ತಗೊಂಡಿದ್ದು? ಬಸಳೆ ಏನ್ಮಾಡ್ತೀಯಾ?" ಎಂದರು. ಆಸ್ಟಿನ್ನಿನಲ್ಲಿ ನಾಯಿಗೂ ಬೇರೆ ದಾರಿ ಇದೆ ಎಂದು ವಾರ ವಾರ ಹೊಗಳುತ್ತಿದ್ದ ಮನುಷ್ಯ ಇವರೇ. ಹೂಸ್ಟನ್ ಹತ್ತಿರ ದ ವುಡ್‌ಲ್ಯಾಂಡ್ಸ್‌ನಲ್ಲಿರುವ ಗೆಳತಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಕಾಡಿನ ಮಧ್ಯೆ ಎಷ್ಟು ದಾರಿ ಬೇಕು ಹೇಳು, ಇದೆ ಕಣೆ. ಒಂದೂ ತರಕಾರಿ ಅಂಗಡಿಗೆ ಹೋಗಲ್ಲ," ಎಂದಳು. ಸರಿ, ಯಾರನ್ನೂ ಕೇಳುವುದು ಬೇಡ ಎಂದು ಅರ್ಜಿಗೆ ಸಹಿ ಹಾಕಿದೆ. ಸಹಿ ಹಾಕುವಾಗ ಬಸಳೆ ನೆನಪಾಗಿ ಕೈ ಒಂದು ಗಳಿಗೆ ನಿಂತಿದ್ದು ನಿಜ.

ನಮ್ಮ ಬೀದಿಯ ಅಮೆರಿಕನ್ನರು ಇಬ್ಬರು ತಕರಾರಿಲ್ಲ ಎಂದು ಬರೆದುಕೊಟ್ಟರು. ತಕರಾರು ಬಂದದ್ದು ನಮ್ಮವರದೇ, ಬೆಂಗಳೂರಿನ ಒಬ್ಬ ಅಂಕಲ್‌ದು.

"ಅಲ್ಲಮ್ಮ, ಗೇಟ್ ಮಾಡಿದ್ರೆ ಆ ಕಡೆ ಜನ ಎಲ್ಲ ಈ ಕಡೆ ಬರ್ತಾರಲ್ಲ?"

"ಅದಕ್ಕೇ ಅಂಕಲ್ ಗೇಟು."

"ಎಂಥ ಜನಾನೋ ಏನೋ!"

ಆ ಕಡೆಯ ಜನ ಯಾರು? ಅದೇ ಬಿಲ್ಡರ್, ಅದೇ ಗ್ರಾನೈಟು, ಅದೇ ಆಫೀಸು, ಬಾಗಿಲಲ್ಲಿ ಅದೇ ಪ್ಲಾಸ್ಟಿಕ್ ತೋರಣ. ಅಂಕಲ್ ಸ್ವತಃ ದಿನಾ ಬೆಳಿಗ್ಗೆ ಕಾರು ತೆಗೆದು ಕೆರೆದಂಡೆಯ ಪಾರ್ಕಿಗೆ ಹೋಗಿ, ನಡೆದು, ಕಾರಲ್ಲಿ ವಾಪಸ್ ಬರುತ್ತಿದ್ದರು. ಹೆಜ್ಜೆ ಎಣಿಸುವ ಪಟ್ಟಿ ಕೈಗೆ ಕಟ್ಟಿಕೊಂಡಿದ್ದರು. ಮನೆಯಿಂದ ಕಾರಿನವರೆಗಿನ ಹೆಜ್ಜೆಯನ್ನೂ ಅದು ಎಣಿಸುತ್ತದಂತೆ.

ಅರ್ಜಿಯ ಹಿಯರಿಂಗ್, ಅಂದರೆ ವಿಚಾರಣೆ, ಒಂದು ಮಂಗಳವಾರ ಸಂಜೆ ನಗರಸಭೆಯಲ್ಲಿ. ಆಂಟಿ ಇಳಕಲ್ ಸೀರೆ ಉಟ್ಟು ಮಗಳ ಜೊತೆ ಬಂದು ಮುಂದಿನ ಸಾಲಿನಲ್ಲಿ, ನನ್ನ ಪಕ್ಕವೇ ಕೂತರು. ಮಗು ಅವರ ಮಡಿಲಲ್ಲಿ. ಅಂಕಲ್ ಮೊದಲು ಮಾತಾಡಿದರು, 'ಬಡಾವಣೆಯ ಸ್ವರೂಪ' ಎಂಬ ಪದವನ್ನು ನಾಲ್ಕು ಸಲ ಬಳಸಿದರು. ಆಮೇಲೆ ಸಿಬ್ಬಂದಿಯೊಬ್ಬರು ಹಿಂದಿನ ಕಡತ ತೋರಿಸುತ್ತೇವೆ ಎಂದು ಪರದೆಯ ಮೇಲೆ ಒಂದು ಕಾಗದ ಹಾಕಿದರು. ಗೋಡೆಯಷ್ಟು ದೊಡ್ಡ ಅಕ್ಷರ. ನಿರೀಕ್ಷಿತ ಪಾದಚಾರಿಗಳ ಸಂಖ್ಯೆ ನಗಣ್ಯ. ಕೆಳಗೆ ನನ್ನ ಸಹಿ, ನನ್ನ ಸೀಲು.

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಇದು ನೀವೇ ಬರೆದದ್ದಾ?"

"ಹೌದು."

"ಹಾಗಾದರೆ ಅಂದಿನಿಂದ ಇಂದಿಗೆ ಏನು ಬದಲಾಯಿತು?"

ಆಂಟಿ ನನ್ನ ತೋಳು ಜಗ್ಗಿದರು. "ಏನಂತಾನವಾ ಅಂವಾ? ಅದೇನು ಕಾಗದ?" ಅವರ ಮಗಳು ಪರದೆ ಓದಿ ಮುಗಿಸಿ ನೆಲ ನೋಡುತ್ತಿದ್ದಳು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅಷ್ಟು ಜನರ ಮುಂದೆ ಕನ್ನಡದಲ್ಲಿ ಹೇಳಿದೆ.

"ಆ ಗೋಡೆ ನಾನೇ ಹಾಕ್ಸಿದ್ದು ಆಂಟಿ. ಅಲ್ಲಿ ದಾರಿ ಇತ್ತು. ಯಾರೂ ನಡೆಯೋರಿಲ್ಲ ಅಂತ ಬರೆದು ತೆಗೆಸಿದೆ. ಆಮೇಲೆ ಆ ಜಾಗಾನೂ ನಾವೇ ತಗೊಂಡ್ವಿ."

ಆಂಟಿ ನನ್ನ ತೋಳು ಬಿಟ್ಟರು.

"ಎರಡು ತಿಂಗಳ ಹೊತ್ತು ಆ ಗ್ವಾಡಿ ಕಟ್ಟಿದವಗ ಬಾಯಿಗೆ ಬಂದಂಗ ಬೈದೀನಿ ನಾನು," ಎಂದರು. "ನೀ ಕೆಳಗ ಕೂತು ಹೂಂ ಹೂಂ ಅಂತಿದ್ದಿ."

ಮಗುವನ್ನು ನನ್ನ ಕೈಗೆ ಕೊಟ್ಟು ಎದ್ದು ಹೊರಗೆ ಹೋದರು. ಆ ಮಹಿಳೆ ಏನು ಹೇಳಿದರು, ದಾಖಲಿಸಬೇಕು ಎಂದು ಅಧ್ಯಕ್ಷರು ಕೇಳಿದರು. "ಅವರು ಅರ್ಜಿಯನ್ನು ಬೆಂಬಲಿಸುತ್ತಾರೆ" ಎಂದೆ. ನಗರಸಭೆಯ ದಾಖಲೆಯಲ್ಲಿ ಇವತ್ತಿಗೂ ಹಾಗೇ ಇದೆ.

ತೀರ್ಮಾನ ಆಗಲಿಲ್ಲ. ಹಳೆಯ ಕಾಗದದಲ್ಲಿ ನಗಣ್ಯ ಎಂದಿರುವುದರಿಂದ ಈಗ ಪಾದಚಾರಿಗಳು ಇದ್ದಾರೆ ಎನ್ನುವುದಕ್ಕೆ ಎಣಿಕೆ ಬೇಕು, ಅಲ್ಲಿಯವರೆಗೆ ಮುಂದೂಡಲಾಗಿದೆ ಎಂದರು. ಎಣಿಕೆ ಎಲ್ಲಿ? ಗೋಡೆಯ ಹತ್ತಿರ. ಬೀಗ ಜಡಿದ ಅಂಗಡಿ ಮುಂದೆ ನಿಂತು ಗಿರಾಕಿ ಎಷ್ಟು ಎಂದು ಎಣಿಸಿದ ಹಾಗೆ. ನಕ್ಕುಬಿಡೋಣ ಎನಿಸಿತು, ಆದರೆ ಇಂಥ ಎಣಿಕೆಗಳನ್ನು ಬೇರೆಯವರಿಗೆ ಮಾಡಿಕೊಟ್ಟು ಸಂಬಳ ತೆಗೆದುಕೊಂಡವಳು ನಾನೇ.

ಗೇಟಿನ ಕತೆ ಇಲ್ಲೇ ಹೇಳಿ ಮುಗಿಸುತ್ತೇನೆ: ಮುಂದಿನ ವರ್ಷ ಆಯಿತು. ಬಸಳೆ ಹೋಯಿತು, ಕಾಂಕ್ರೀಟು ಬಂತು. ಅಂಕಲ್ ಈಗ ದಿನಾ ಅದರಲ್ಲೇ ವಾಕ್ ಹೋಗುತ್ತಾರೆ, ಪಾರ್ಕಿಗಿಂತ ಹೆಜ್ಜೆ ಜಾಸ್ತಿ ಬರುತ್ತದಂತೆ. ಅದಕ್ಕೆ ದಾರಿ ಶುರುವಾದದ್ದು ಹಿಯರಿಂಗ್ ಮುಗಿದ ಮೂರನೇ ದಿನ.

ಹಿಯರಿಂಗಿನ ಮರುದಿನ ಹತ್ತು ಗಂಟೆಗೆ ಮಣೆ ಹಾಕಿ ಕೂತೆ. ಗೋಡೆಯ ಮೇಲೆ ಯಾರೂ ಬರಲಿಲ್ಲ. "ಆಂಟಿ" ಎಂದು ಕರೆದೆ. ಆಚೆ ಯಾರೋ ಕೆಮ್ಮಿದ ಸದ್ದು, ಆಮೇಲೆ ಚಪ್ಪಲಿಯ ಸದ್ದು ದೂರವಾಯಿತು. ಹೇಳಿಕೊಡುವವರಿಲ್ಲದೆ ಎರೆಯಲು ಹೋಗಿ ಮಗುವಿನ ಮೂಗಿಗೆ ನೀರು ಹೋಯಿತು. ಎತ್ತಿಕೊಂಡು ಒಳಗೆ ಓಡಿದೆ. ಎರಡನೇ ದಿನ ಸುಮ್ಮನೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಮ್ಮ ಫೋನಿನಲ್ಲಿ, "ಯಾಕೆ ಧ್ವನಿ ಹೀಗಿದೆ?" ಎಂದರೆ ನೆಗಡಿ ಎಂದೆ. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿದ್ದಾರೆಯೇ? ಉಣ್ಣುವವಳು ನಾನಾದರೆ ಸರಿ, ಪಾಪ ಮೂರು ತಿಂಗಳ ಕೂಸು ಏನು ಮಾಡಿತ್ತು?

ಮೂರನೇ ದಿನ ಹನ್ನೊಂದರ ಹೊತ್ತಿಗೆ ಮುಂಬಾಗಿಲ ಬೆಲ್ ಆಯಿತು. ತೆಗೆದರೆ ಆಂಟಿ. ಮುಖ ಕೆಂಪಾಗಿ ಬೆವರು ಸುರಿಯುತ್ತಿತ್ತು. ಸೀರೆಯ ಅಂಚಿಗೆ ಒಣಹುಲ್ಲು, ಮುಳ್ಳು ಅಂಟಿಕೊಂಡಿದ್ದವು. ಒಂದು ಚಪ್ಪಲಿಯ ಉಂಗುಷ್ಟ ಕಿತ್ತು, ಕರ್ಚೀಫಿನಲ್ಲಿ ಕಟ್ಟಿದ್ದರು. ಅವರ ಹಿಂದೆ ಪೊಲೀಸ್ ಕಾರು ನಿಂತಿತ್ತು. ಒಬ್ಬ ಎಳೆಯ ಪೊಲೀಸ್ ಇಳಿದು ಟೋಪಿ ಸರಿಮಾಡಿಕೊಂಡ.

"ಮೇಡಂ, ಹೆದ್ದಾರಿ ಬದಿ ಒಬ್ಬರು ನಡೆಯುತ್ತಿದ್ದಾರೆ ಅಂತ ಮೂರು ಕರೆ ಬಂದವು. ಕಾರಲ್ಲಿ ಕೂರಿ ಎಂದು ಎಷ್ಟು ಹೇಳಿದರೂ ಕೂರಲಿಲ್ಲ. ಅದಕ್ಕೆ ಒಂದು ಮೈಲಿಯಿಂದ ಇವರ ಹಿಂದೆ ಲೈಟ್ ಹಾಕಿಕೊಂಡು ಮೆಲ್ಲಗೆ ಬಂದೆ," ಎಂದ.

ಆ ರಸ್ತೆಯ ಬದಿಗೆ ಕಾಲುದಾರಿಯಿಲ್ಲ. ಚರಂಡಿಯ ಹುಲ್ಲು, ಅದರ ಪಕ್ಕ ಲಾರಿಗಳು. "ಅಯ್ಯೋ ಆಂಟಿ, ಆ ರಸ್ತೇಲಿ ನಡ್ಕೊಂಡು ಬಂದ್ರಾ? ಅವರು ಕರೆದಾಗಾದ್ರೂ ಕಾರು ಹತ್ತಬಾರದಿತ್ತಾ?"

"ಹತ್ತಿದ್ರ ಎಣಿಕಿಗೆ ಬರ್ತಿದ್ನೇನು ನಾನು?" ಎಂದರು ಆಂಟಿ. ಹೊಸಿಲ ಮೇಲೆ ಕೂತು ಕಿತ್ತ ಚಪ್ಪಲಿ ಬಿಚ್ಚಿ ಬದಿಗಿಟ್ಟರು. "ಎಣಿಕಿ ಬೇಕಂತ ಮಗಳು ಹೇಳಿದ್ಳು, ಸಾಕ್ಷಿಗೆ ಪೊಲೀಸ್‌ನ ಕರಕೊಂಡ ಬಂದೀನಿ. ತಗಿ ನಿನ್ನ ಕಾಗದಾ. ಒಬ್ಬಾಕಿ ನಡದ ಬಂದ್ಳು ಅಂತ ಬರಿ, ಸೀಲ್ ಹೊಡಿ."

ನಾನು ಅಳುತ್ತಾ ನಿಂತಿದ್ದೆ. ಪೊಲೀಸ್ ಏನೂ ಅರ್ಥವಾಗದೆ ನನ್ನನ್ನೂ ಅವರನ್ನೂ ನೋಡುತ್ತಿದ್ದ. ಒಳಗೆ ಮಗು ಎದ್ದು ರಾಗ ಶುರುಮಾಡಿತು. ಆಂಟಿ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಎದ್ದರು.

"ಸಿಟ್ಟು ಇನ್ನೂ ಹೋಗಿಲ್ಲ ನಂಗ, ತಿಳೀತೇನು?" ಎಂದರು. "ಮೊದಲ ಬರಿ. ಆಮ್ಯಾಲ ನೀರು ಕಾಸು."